ಒಳಮುಖದ ತಾರೀಖು

ಟಾಯರಿಗೂ ಹುಟ್ಟಿದ ತಾರೀಖು ಅಂತ ಒಂದಿರುತ್ತದೆ. ಅದರ ಮಗ್ಗುಲಲ್ಲಿ ಕಂಪನಿಯ ಹೆಸರು, ಅಳತೆ, ಹೊರುವ ಭಾರ ಎಲ್ಲ ಮುಗಿದ ಮೇಲೆ, ಒಂದು ಪುಟ್ಟ ಚೌಕಟ್ಟಿನೊಳಗೆ ನಾಲ್ಕು ಅಂಕಿ. ಮೊದಲೆರಡು ವಾರ, ಕೊನೆಯೆರಡು ವರ್ಷ. ಅದನ್ನು ಓದಲು ಡಿಗ್ರಿ ಬೇಕಿಲ್ಲ, ಓದಬೇಕೆಂದು ಗೊತ್ತಿದ್ದರೆ ಸಾಕು. ನೂರಕ್ಕೆ ತೊಂಬತ್ತೈದು ಗಿರಾಕಿಗಳಿಗೆ ಗೊತ್ತಿಲ್ಲ. ಹಾಲಿನ ಪೊಟ್ಟಣ ಯಾವ ದಿನದ್ದೆಂದು ಮೊಬೈಲಿನ ಬೆಳಕು ಬಿಟ್ಟು ನೋಡುವ ಮಂದಿ, ಹೆಂಡಿರು ಮಕ್ಕಳನ್ನು ಹೊತ್ತು ಓಡುವ ರಬ್ಬರು ಎಂದು ಹುಟ್ಟಿತೆಂದು ಕೇಳುವುದಿಲ್ಲ.

ಆ ನಾಲ್ಕು ಅಂಕಿ ಟಾಯರಿನ ಎರಡೂ ಮಗ್ಗುಲಲ್ಲಿ ಇರುವುದಿಲ್ಲ. ಒಂದೇ ಕಡೆ ಇರುತ್ತದೆ. ಅಷ್ಟು ಸಾಕು, ಅನ್ನಕ್ಕೆ ದಾರಿ ಹುಡುಕುವವನಿಗೆ.

ಚಿಂಚವಾಡದಲ್ಲಿ, ಹಳೆಯ ಮುಂಬೈ ರಸ್ತೆಯ ಮಗ್ಗುಲಿಗೆ, ಮೆಟ್ರೋ ಕಂಬದ ನೆರಳು ಬೀಳುವ ಜಾಗದಲ್ಲಿ ಹೊಳಬಸಪ್ಪನವರ ಟಾಯರ್ ಅಂಗಡಿ. ಅಥಣಿ ಕಡೆಯವರು, ಪುಣೆಗೆ ಬಂದು ಇಪ್ಪತ್ತೆಂಟು ವರ್ಷ. ಅವರ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಹೊಸ ಮಾಲಾದರೆ ತಾರೀಖು ಹೊರಮುಖ. ಮುಚ್ಚಿಹೋದ ಯಾವುದೋ ಅಂಗಡಿಯಿಂದ ಅಗ್ಗಕ್ಕೆ ಎತ್ತಿಕೊಂಡು ಬಂದ, ಗೋದಾಮಿನಲ್ಲಿ ಐದಾರು ವರ್ಷ ಬಿದ್ದು ಗಟ್ಟಿಯಾದ ಮಾಲಾದರೆ ಒಳಮುಖ. ಆಗ ತಾರೀಖು ಕಾರಿನ ಹೊಟ್ಟೆಯ ಕಡೆ ಹೋಗುತ್ತದೆ. ಓದಬೇಕೆಂದರೆ ಗಿರಾಕಿ ಅಂಗಾತ ಮಲಗಿ ಕಾರಿನ ಕೆಳಗೆ ತೂರಬೇಕು. ಯಾರು ತೂರುತ್ತಾರೆ?

ಇದಕ್ಕೊಂದು ಧರ್ಮವೂ ಇತ್ತು. ಕನ್ನಡ ಮಾತಾಡುವ ಗಿರಾಕಿ ಬಂದರೆ ಹಳೇ ಮಾಲು ಮುಟ್ಟುವಂತಿಲ್ಲ. “ನಮ್ಮ ಮಂದಿಗೆ ಮೋಸ ಮಾಡಿದ್ರ ದೇವ್ರು ಮೆಚ್ಚಂಗಿಲ್ಲೋ,” ಎಂದು ಹೊಳಬಸಪ್ಪನವರು ಗಲ್ಲಾದ ಮೇಲಿನ ಪಟಕ್ಕೆ ಕೈಮುಗಿದು ಹೇಳುತ್ತಿದ್ದರು. ಉಳಿದ ಮಂದಿಗೆ ಮೋಸ ಮಾಡಿದರೆ ಮೆಚ್ಚುತ್ತಾನೋ ಎಂದು ಅಂಗಡಿಯ ಕೆಲಸದ ಹುಡುಗ ಮಾರ್ತಾಂಡ ಒಮ್ಮೆಯೂ ಕೇಳಲಿಲ್ಲ. ನಾಲ್ಕು ವರ್ಷದಿಂದ ಆ ಅಂಗಡಿಯ ಅನ್ನ ತಿನ್ನುತ್ತಿದ್ದ, ಆ ಅಂಗಡಿಯ ಟಾಯರುಗಳನ್ನು ಒಳಮುಖ ತಿರುವುತ್ತಿದ್ದ ಕೈ ಅವನದೇ. ಕೇಳುವ ಬಾಯಿ ಮಾತ್ರ ಬೇರೆ ಯಾರದೋ ಆಗಿರಬೇಕಿತ್ತು.

ಮಾರ್ತಾಂಡನಿಗೆ ಇಪ್ಪತ್ತಮೂರು. ಇಂಡಿ ತಾಲೂಕಿನವನು. ಮೂಗಿನ ತುದಿಯಲ್ಲಿ ಸಿಟ್ಟು. ಒಂಬತ್ತನೇ ಇಯತ್ತೆಯಲ್ಲಿ ಗಣಿತದ ಮಾಸ್ತರರು ಇಡೀ ವರ್ಗದ ಎದುರು “ನೀ ಟಾಯರಿಗೆ ಗಾಳಿ ಹಾಕಾಕ ಲಾಯಕ್ಕದಿ ನೋಡು” ಅಂದರು. ಅವನು ಪಾಟೀಚೀಲ ಅಲ್ಲೇ ಬಿಟ್ಟು ಹೊರಬಿದ್ದ. ಮಾಸ್ತರರ ಮಾತು ನಿಜವಾಗಿದ್ದಕ್ಕೆ ಅವನ ಸಿಟ್ಟು ಇಮ್ಮಡಿಯಾಗಿತ್ತು. ಆದರೆ ಕೆಲಸದಲ್ಲಿ ಗಟ್ಟಿಗ. ಎಲೆಕ್ಟ್ರಿಕ್ ಕಾರುಗಳು ಬರತೊಡಗಿದಾಗ ಪಕ್ಕದ ಅಂಗಡಿಗಳವರು ಅವುಗಳ ಕೆಳಗೆ ಜಾಕು ಕೊಡಲು ಹೆದರುತ್ತಿದ್ದರು. ಹೊಟ್ಟೆಯ ತುಂಬ ಬ್ಯಾಟರಿ, ತಪ್ಪು ಜಾಗಕ್ಕೆ ಜಾಕು ತಾಗಿದರೆ ಲಕ್ಷಗಟ್ಟಲೆ ಹೋಯಿತು. ಮಾರ್ತಾಂಡ ಹಳೇ ರಬ್ಬರಿನಿಂದ ಬಿಲ್ಲೆ ಕೊಯ್ದು, ಜಾಕಿನ ತಲೆಗೆ ಕೂಡಿಸಿ, ಯಾವ ಕಾರಿಗೆ ಎಲ್ಲಿ ಕೊಡಬೇಕೆಂದು ತಾನೇ ಕಲಿತಿದ್ದ. ಯಾರೂ ಕಲಿಸಿರಲಿಲ್ಲ. ಯಾರೂ ಹೊಗಳಿರಲಿಲ್ಲ ಕೂಡ.

ಮೇ ತಿಂಗಳ ಕೊನೆಯ ವಾರ. ಹೊಳಬಸಪ್ಪನವರು ಬ್ಯಾಂಕಿಗೆ ಹೋಗಿದ್ದರು. ಬಿಳೀ ಎಲೆಕ್ಟ್ರಿಕ್ ಕಾರೊಂದು ಸದ್ದಿಲ್ಲದೆ ಬಂದು ಅಂಗಡಿಯ ಮುಂದೆ ನಿಂತಿತು. ಇಳಿದವಳು ನಲವತ್ತರ ಹೆಂಗಸು. ಚೂಡಿದಾರ, ಕಾಲಿಗೆ ಬೂಟು, ಕೈಯಲ್ಲೊಂದು ಇನ್ನೂರು ಪುಟದ ನೋಟುಬುಕ್ಕು. ಬಂದವಳೇ ಮರಾಠಿಯಲ್ಲಿ ಕೇಳಿದಳು: “ದಾದಾ, ಎಲೆಕ್ಟ್ರಿಕ್ ಗಾಡಿ ಗೊತ್ತಿರೋರು ಯಾರಾದರೂ ಇದ್ದಾರಾ?”

“ನಾನಿದ್ದೀನಲ್ಲ ತಾಈ,” ಎಂದ ಮಾರ್ತಾಂಡ, ಅಕ್ಕ ಅನ್ನುವುದನ್ನೂ ಮರಾಠಿಯಲ್ಲೇ.

“ನೀನಲ್ಲ. ಕೋರ್ಸ್ ಮಾಡಿದವರು.”

ಅಲ್ಲಿಗೇ ಅವನ ಕಿವಿ ಬಿಸಿಯಾಯಿತು. ಆದರೂ ಗಿರಾಕಿ. ಬಗ್ಗಿ ಮುಂದಿನ ಗಾಲಿಗಳನ್ನು ನೋಡಿದ. ಟಾಯರಿನ ಮೈ ಬೋಳಾಗಿತ್ತು, ಗೀರುಗಳಲ್ಲಿ ಉಗುರು ಕೂಡ ನಿಲ್ಲುತ್ತಿರಲಿಲ್ಲ; ಹಿಂದಿನವೂ ಸವೆದು ಬಂದಿದ್ದವು.

“ನಲವತ್ತು ಸಾವಿರ ಕಿಲೋಮೀಟರ್ ಬರುತ್ತೆ ಅಂದಿದ್ರು. ಇಪ್ಪತ್ತೇಳಕ್ಕೇ ಹೀಗಾಯ್ತು. ಯಾಕೆ?” ಆಕೆ ನೋಟುಬುಕ್ಕು ತೆರೆದು ಪೆನ್ನು ಹಿಡಿದಳು, ಪರೀಕ್ಷೆ ತೆಗೆದುಕೊಳ್ಳುವವಳ ಹಾಗೆ.

“ಬ್ಯಾಟರಿಯ ಭಾರ. ಗಾಡಿ ಖಾಲಿ ಇದ್ದರೂ ನಾಲ್ಕು ಜನ ಕೂತ ಹಾಗೆಯೇ ಲೆಕ್ಕ. ಅದರ ಮೇಲೆ ಕಾಲಿಟ್ಟ ಕೂಡಲೇ ಚಿಮ್ಮುತ್ತೆ. ಆ ಎಳೆತ ಎಲ್ಲ ಮುಂದಿನ ಗಾಲಿಯ ಚರ್ಮ ಸುಲಿಯುತ್ತೆ. ಸಿಗ್ನಲ್ ಬಿಟ್ಟಾಗ ಬೈಕಿನವರನ್ನ ಹಿಂದೆ ಹಾಕೋ ಚಟ ಇದೆಯಾ?”

ಆಕೆಗೆ ನಗು ಬಂತು, ತಡೆದುಕೊಂಡಳು. “ಇದೆ.”

“ಅದಕ್ಕೇ. ಐದು ಸಾವಿರಕ್ಕೊಮ್ಮೆ ಮುಂದಿನದು ಹಿಂದೆ, ಹಿಂದಿನದು ಮುಂದೆ ಹಾಕಿಸಿದ್ರಾ?”

“ಇಲ್ಲ. ಯಾರೂ ಹೇಳಲಿಲ್ಲ.” ಅದನ್ನೂ ಬರೆದುಕೊಂಡಳು. ಅವಳ ಹೆಸರು ಶೈಲಾ. ಚಿಂಚವಾಡದಿಂದ ಲೋಣಾವಳಾದ ಶಾಲೆಗೆ ನಾಲ್ವರು ಶಿಕ್ಷಕಿಯರನ್ನು ದಿನವೂ ಕರೆದೊಯ್ದು ಕರೆತರುವುದು ಅವಳ ಉದ್ಯೋಗ. ಹೋಗಿಬರಲು ನೂರು ಕಿಲೋಮೀಟರು. ಈಗ ಶಾಲೆಗೆ ರಜೆ. ಜೂನ್ ಹದಿನಾರರ ಸೋಮವಾರ ತೆರೆಯುತ್ತದೆ, ಮಳೆಯೂ ಅಷ್ಟೊತ್ತಿಗೆ ಬರುತ್ತದೆ. ಮನೆಯ ಮೀಟರಿನಲ್ಲಿ ಚಾರ್ಜ್ ಮಾಡಿದರೆ ಯುನಿಟ್ಟಿಗೆ ಒಂಬತ್ತು ರೂಪಾಯಿ, ದಾರಿಯಲ್ಲಿ ಮಾಡಿದರೆ ಇಪ್ಪತ್ತು. ಒಂದು ಯುನಿಟ್ಟಿಗೆ ಏಳೂವರೆ ಕಿಲೋಮೀಟರು. ಎಲ್ಲ ಆ ಪುಸ್ತಕದಲ್ಲಿತ್ತು. “ಕರೆಂಟಿನಲ್ಲಿ ಉಳಿಸಿದ್ದನ್ನೆಲ್ಲ ಟಾಯರು ತಿಂದುಬಿಟ್ರೆ ನಾನ್ಯಾಕೆ ಈ ಗಾಡಿ ತಗೋಬೇಕಿತ್ತು, ಹೇಳು,” ಅಂದಳು.

ಮಾರ್ತಾಂಡ ಮೂರು ಬಗೆಯ ಟಾಯರು ಹೇಳಿದ. ಒಂದು, ಎಲೆಕ್ಟ್ರಿಕ್ ಕಾರಿಗೆಂದೇ ಮಾಡಿದ್ದು, ಒಳಗೆ ಸದ್ದು ನುಂಗುವ ಸ್ಪಂಜಿನ ಪದರ. ಅದರ ಬೆಲೆಗೆ ಒಂದು ಎಮ್ಮೆ ಬರುತ್ತದೆ. ಇನ್ನೊಂದು ತೀರ ಅಗ್ಗದ್ದು. ಭಾರ ತಡೆಯುವುದಿಲ್ಲ, ಉರುಳುವಾಗ ನೆಲ ಹಿಡಿದು ಎಳೆಯುತ್ತದೆ, ಒಂದು ಚಾರ್ಜಿಗೆ ಇಪ್ಪತ್ತು ಮೂವತ್ತು ಕಿಲೋಮೀಟರು ಕಡಿಮೆ ಓಡುತ್ತದೆ. ನಡುವಿನದು ಏಳೂವರೆ ಸಾವಿರದ್ದು, ಹೆಚ್ಚಿನ ಭಾರಕ್ಕೆ ತಡೆಯುವಂಥದ್ದು, ಹಗುರಾಗಿ ಉರುಳುವಂಥದ್ದು. “ನಿಮಗೆ ನಡುವಿನದೇ ಬರೋಬರ್,” ಎಂದ. ಅದು ಸತ್ಯವೇ. ತನ್ನ ಸ್ವಂತ ಅಕ್ಕನಿಗೂ ಅದನ್ನೇ ಹೇಳುತ್ತಿದ್ದ. ಮಾದರಿಗೆಂದು ಗಲ್ಲಾದ ಮುಂದೆ ಇಟ್ಟಿದ್ದ ಹೊಸದೊಂದನ್ನು ಉರುಳಿಸಿಕೊಂಡು ಬಂದು ತೋರಿಸಿದ. ಆಕೆ ಬಗ್ಗಿ ಮುಟ್ಟಿ, ಮೂಸಿ ನೋಡಿದಳು.

ಆಮೇಲೆ ಕೇಳಿದಳು: “ಎಷ್ಟು ಓದಿದ್ದೀ?”

“ಒಂಬತ್ತನೇತ್ತೆ.”

“ಹಂ. ಮಾಲಕರು ಬಂದ ಮೇಲೆ ಒಮ್ಮೆ ಕೇಳ್ತೀನಿ. ಬೇಜಾರು ಮಾಡ್ಕೋಬೇಡ, ಮೂವತ್ತು ಸಾವಿರದ ಮಾತು.” ಅಷ್ಟು ಸಾಲದೆಂದು ಮೊಬೈಲು ತೆಗೆದು ಅವನ ಕೈಗೆ ಗುರಿಹಿಡಿದಳು. “ಜಾಕ್ ಕೊಡೋದು ವಿಡಿಯೋ ಮಾಡ್ಕೋತೀನಿ. ಬ್ಯಾಟರಿಗೆ ಏನಾದ್ರೂ ಆದ್ರೆ ಪುರಾವೆ ಇರಲಿ.”

ಅರ್ಧ ತಾಸು ಅವಳಿಗೆ ಪಾಠ ಹೇಳಿದ್ದ. ಮಾಸ್ತರನಾಗಿದ್ದ. ಒಂದು ಅಂಕಿ ಕೇಳಿ ಮತ್ತೆ ಅವನನ್ನು ವರ್ಗದ ಹೊರಗೆ ನಿಲ್ಲಿಸಿದಳು. ಪುರಾವೆ ಬೇಕೇ? ಕೊಡುತ್ತೇನೆ ಇರು. ಅವನು ಒಳಗೆ ಗೋದಾಮಿಗೆ ಹೋದ. ಅಲ್ಲಿ ಅದೇ ಕಂಪನಿಯ, ಅದೇ ಅಳತೆಯ ಟಾಯರುಗಳ ಎರಡು ಸಾಲು. ಒಂದು ಸಾಲು ಈ ವರ್ಷದ್ದು. ಇನ್ನೊಂದು ಇಂದಾಪುರದಲ್ಲಿ ಮುಚ್ಚಿಹೋದ ಅಂಗಡಿಯ ಮಾಲು. ೧೮೧೯. ಹತ್ತೊಂಬತ್ತನೇ ಇಸವಿಯ ಹದಿನೆಂಟನೇ ವಾರ. ಹೊಳಬಸಪ್ಪನವರು ಅಂಗಡಿಯಲ್ಲಿರಲಿಲ್ಲ. ಯಾರೂ ಹೇಳಲಿಲ್ಲ. ಅವನ ಕೈ ತಾನಾಗಿ ಎರಡನೇ ಸಾಲಿಗೆ ಹೋಯಿತು.

“ನಿಮಗೆ ಅಂತ ಒಂದೊಂದಕ್ಕೆ ಮುನ್ನೂರು ಕಡಿಮೆ ಮಾಡ್ತೀನಿ ತಾಈ,” ಎಂದ ಹೊರಗೆ ಬಂದು. ಆಕೆಯ ಮುಖ ಅರಳಿತು. ಹಾಳಾದ ಮುಖ, ಅಷ್ಟಕ್ಕೇ ಅರಳಬೇಕಿತ್ತೇ?

ಮಾಲಕರನ್ನು ಕಾಯುವ ಮಾತು ಅಲ್ಲಿಗೇ ಮರೆತುಹೋಯಿತು. ಎರಡು ಗಾಲಿ ಮುಗಿದಿದ್ದವು. ಮೂರನೆಯ ರಿಮ್ಮಿನಿಂದ ಹಳೇ ಟಾಯರು ಕಳಚುತ್ತಿದ್ದ. ಬೆಂಚಿನ ಮೇಲೆ ಕೂತಿದ್ದ ಶೈಲಾಳ ಮೊಬೈಲು ರಿಂಗಾಯಿತು. ಆಕೆ ಕಿವಿಗಿಟ್ಟುಕೊಂಡು ಅಂದಳು:

“ಯವ್ವಾ, ಊಟ ಆತೇನು? ಗುಳಿಗಿ ತಗೊಂಡಿ? ... ಇಲ್ಲೇ ಅದೀನಬೇ, ಗಾಡಿಗಿ ಟಾಯರ್ ಹಾಕಸಾಕತ್ತೀನಿ. ... ಏನ್ ಮಾಡ್ಲಿ, ನಮ್ಮವ್ರ ಅಂಗಡಿ ಇದ್ರ ಕಣ್ ಮುಚ್ಚಿ ಹಾಕಸ್ತಿದ್ದೆ. ಇವ್ರ ಯಾರೋ ಏನೋ. ಹುಡುಗ ಶಾಣ್ಯಾ ಅದಾನ, ಆದ್ರೂ ಎದುರಿಗಿ ಕುಂತ ಮಾಡಸಾಕತ್ತೀನಿ.”

ಮಾರ್ತಾಂಡನ ಕೈಯಲ್ಲಿದ್ದ ಸಲಾಕೆ ಅಲ್ಲೇ ನಿಂತಿತು. ಅವ್ವನ ಮಾತು. ತನ್ನ ಓಣಿಯ ಮಾತು. ಪುಣೆಯಲ್ಲಿ ಹೀಗೆಯೇ, ಇಬ್ಬರು ಕನ್ನಡದವರು ಬಸ್ಸಿನಲ್ಲಿ ಪಕ್ಕ ಪಕ್ಕ ಕೂತು ಒಂದು ತಾಸು ಮರಾಠಿಯಲ್ಲಿ ಸೀಟಿಗಾಗಿ ಜಗಳಾಡಿ, ಇಳಿಯುವಾಗ ಯಾರದೋ ಫೋನು ಬಂದು ಗೊತ್ತಾಗುತ್ತದೆ. ಆಗ ಇಬ್ಬರೂ ನಗುತ್ತಾರೆ. ಮಾರ್ತಾಂಡನಿಗೆ ನಗು ಬರಲಿಲ್ಲ.

ಇನ್ನೂ ಎರಡು ಗಾಲಿ ಬಾಕಿ ಇದ್ದವು. ಇದನ್ನು ಮುಂದೆ ಅವನು ಎಷ್ಟು ಸಲ ನೆನೆಸಿಕೊಂಡನೋ ಲೆಕ್ಕವಿಲ್ಲ. ಎರಡು ಬಾಕಿ ಇದ್ದವು. ನಿಲ್ಲಿಸಬಹುದಿತ್ತು. “ಅಕ್ಕಾ, ಮಾಲು ತಪ್ಪು ಬಂದದ, ತಡೀರಿ” ಅಂದಿದ್ದರೆ ಸಾಕಿತ್ತು. ಆದರೆ ಅನ್ನಲು ಕನ್ನಡ ಬೇಕಿತ್ತು. ಕನ್ನಡ ಆಡಿದರೆ ಇಷ್ಟು ಹೊತ್ತಿನ ತನ್ನ ಮುಖ ತೋರಿಸಬೇಕಿತ್ತು. ಅವನು ತಲೆ ತಗ್ಗಿಸಿ ಮೂರನೆಯದನ್ನೂ ಹಾಕಿದ. ನಾಲ್ಕನೆಯದನ್ನೂ.

ಕೊನೆಯ ನಟ್ಟು ಬಿಗಿಯುವಾಗ ಹೊಳಬಸಪ್ಪನವರು ಬಂದರು. ಕಾರಿನ ಹಿಂದಿನ ಗಾಜಿನ ಮೇಲೆ ಅಂಟಿಸಿದ್ದ ವಿಜಯಪುರದ ಸಿದ್ಧೇಶ್ವರ ಗುಡಿಯ ಚಿತ್ರ ಅವರ ಕಣ್ಣಿಗೆ ಮೊದಲು ಬಿತ್ತು. ಮಾರ್ತಾಂಡ ಅದನ್ನು ನೋಡಿಯೇ ಇರಲಿಲ್ಲ. “ಯಾವೂರ್ರಿ ತಂಗಿ?” ಎಂದರು.

ಶೈಲಾ ಎದ್ದು ನಿಂತಳು. “ಅಯ್ಯ, ನೀವು ನಮ್ಮವ್ರೇನ್ರಿ! ನಂದು ಸಿಂದಗಿ ರೀ!” ಆಮೇಲೆ ಮಾರ್ತಾಂಡನ ಕಡೆ ತಿರುಗಿದಳು. “ಮತ್ತ ಇಂವಾ?”

“ಇಂವಾ ಇಂಡಿ ಕಡಿಯಾಂವ.”

“ಎಲಾ ಇವನ! ಒಂದು ತಾಸು ನನ್ನ ಕೂಡ ಮರಾಠ್ಯಾಗ ಮಾತಾಡಿದ್ಯಲ್ಲೋ! ನಾ ಫೋನ್ಯಾಗ ಮಾತಾಡಿದ್ದು ಕೇಳ್ಸಲಿಲ್ಲೇನು?”

“ಮಷೀನ್ ಸದ್ದಿನ್ಯಾಗ ಕೇಳಲಿಲ್ರಿ ಅಕ್ಕಾ,” ಎಂದ. ಮಷೀನು ಆಗ ನಿಂತೇ ಇತ್ತು.

“ಇರ್ಲಿ ಬಿಡು. ನಾ ಸುಮ್ನ ಸಂಶೇ ಪಟ್ಟೆ ನಿನ್ನ ಮ್ಯಾಲ. ಸಿಟ್ಟಾಗಬ್ಯಾಡಪ್ಪಾ.” ಆಕೆ ನಿಜವಾಗಿ ಕೈಮುಗಿದಳು.

“ನಮ್ಮಲ್ಲಿ ನಮ್ಮ ಮಂದಿಗಿ ಮೋಸ ಇಲ್ಲ ತಂಗಿ,” ಎಂದರು ಹೊಳಬಸಪ್ಪನವರು, ಎದೆ ಉಬ್ಬಿಸಿ. ಹೇಳುತ್ತ ಹೇಳುತ್ತ ಬಗ್ಗಿ ಗಾಲಿಯ ಹೊರಮಗ್ಗುಲು ನೋಡಿದರು. ನಾಲ್ಕು ಅಂಕಿಯ ಚೌಕಟ್ಟು ಅಲ್ಲಿರಲಿಲ್ಲ. ಮಾರ್ತಾಂಡನ ಮುಖ ನೋಡಿದರು. ಎದೆ ಇಳಿಯಿತು.

ಕಾರು ಹೋದ ಮೇಲೆ ಕೇಳಿದರು: “ಇಂದಾಪುರದ್ದು?”

“ಹೂಂ.”

“ನಾಕೂ?”

“ನಾಕೂ.”

ಹೊಳಬಸಪ್ಪನವರು ಗಲ್ಲಾದ ಮೇಲೆ ಬೆರಳಿನಿಂದ ತಾಳ ಹಾಕಿದರು. “ಹೋಗ್ಲಿ ಬಿಡು. ಹೋದ್ಲು. ಒಳಮುಖ ಅದಾವಿಲ್ಲೋ?”

ಆಕೆ ಹೋಗಲಿಲ್ಲ, ಅದೇ ಕಷ್ಟ. ಎಂಟು ದಿನಕ್ಕೆ ಒಂದು ಡಬ್ಬಿ ಹಿಡಿದುಕೊಂಡು ಬಂದಳು. ಶೇಂಗಾ ಹೋಳಿಗೆ. “ನಮ್ಮವ್ವ ಕಲ್ಲವ್ವ ಮಾಡ್ಯಾಳ. ಪುಣ್ಯಾದಾಗ ನಮ್ಮ ಹುಡುಗ ಸಿಕ್ಕಾನ ಅಂದೆ, ಕುಣಿದಾಡಿದ್ಲು ಮುದುಕಿ. ತಿನ್ನು.” ಮಾರ್ತಾಂಡ ಅವಳೆದುರೇ ಅರ್ಧ ತಿಂದ. ನೀರು ಕುಡಿದ. ಉಳಿದದ್ದನ್ನು ಹಾಳೆಯಲ್ಲಿ ಸುತ್ತಿ ಇಟ್ಟ. ಎಸೆಯಲೂ ಆಗಲಿಲ್ಲ, ತಿನ್ನಲೂ ಆಗಲಿಲ್ಲ, ಇರುವೆಗಳು ತಿಂದವು.

ಆಮೇಲೆ ಫೋನು ಮಾಡಿದಳು. “ತಮ್ಮಾ, ಯುನಿಟ್ಟಿಗೆ ಏಳೂವರಿ ಬರ್ತಿತ್ತು. ಈಗ ಏಳಕ್ಕ ಇಳದದ. ಟಾಯರಿಂದ ಏನಾರ?”

“ಹೊಸಾ ಟಾಯರ್ ಅಲ್ಲೇನ್ರಿ ಅಕ್ಕಾ. ಸವೆದ ಟಾಯರು ಹಗೂರ ಉಳ್ಳತದ. ಹೊಸಾದಕ್ಕ ಗೀರು ಆಳ ಇರ್ತಾವ, ಸ್ವಲ್ಪ ಜಗ್ಗತದ. ಎರಡು ಮೂರು ಸಾವಿರ ಓಡಿದ ಮ್ಯಾಲ ಸರಿ ಆಗ್ತದ. ಗಾಳಿ ಮಾತ್ರ ಕಡಿಮಿ ಆಗಾಕ ಬಿಡಬ್ಯಾಡ್ರಿ.”

ಗೀರಿನ, ಗಾಳಿಯ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಇಡೀ ಪುಣೆಯಲ್ಲಿ ಯಾವ ಕೋರ್ಸು ಮಾಡಿದವನೂ ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ. ಆದರೆ ‘ಹೊಸಾ’ ಎಂಬ ಎರಡಕ್ಷರ ಆಡುವಾಗ ನಾಲಿಗೆ ತೊಡರಿತು. ಸುಳ್ಳು ಹೇಳುವುದಕ್ಕಿಂತ ಸತ್ಯವನ್ನು ಸುಳ್ಳಿನ ಮೇಲೆ ಹೊದಿಸುವುದು ಹೇಸಿಗೆಯ ಕೆಲಸ. ಅವತ್ತಿನಿಂದ ಯಾರು ‘ತಾರೀಖು’ ಅಂದರೂ ಅವನು ಬೆಚ್ಚತೊಡಗಿದ. ಪಕ್ಕದ ಚಹಾದಂಗಡಿಯವನು “ಇವತ್ತು ತಾರೀಖು ಎಷ್ಟು?” ಎಂದರೆ ತಿರುಗಿ ನೋಡುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ಇವನು ಗಾಲಿ ಕಂಡಲ್ಲೆಲ್ಲ ಬಗ್ಗಿ ನೋಡುತ್ತಿದ್ದ.

ಜೂನ್ ಹನ್ನೆರಡಕ್ಕೆ ಮೊದಲ ದೊಡ್ಡ ಮಳೆ. ಅಂಗಡಿಯ ಮುಂದಿನ ರಸ್ತೆ ಎಣ್ಣೆ ಸುರಿದಂತೆ ಮಿಂಚುತ್ತಿತ್ತು. ಶೈಲಾ ಗಾಳಿ ನೋಡಿಸಲು ಬಂದಳು. ಮುಂದಿನ ಸೀಟಿನಲ್ಲಿ ಕೊಡೆ ಮಡಚಿ ತೊಡೆಯ ಮೇಲಿಟ್ಟುಕೊಂಡು ಒಬ್ಬ ಶಿಕ್ಷಕಿ, ಸ್ನೇಹಲ್ ಅಂತೆ. ಶಾಲೆ ತೆರೆಯುವ ಮೊದಲು ಏನೋ ಮೀಟಿಂಗು, ಅದಕ್ಕೆ ಹೊರಟಿದ್ದರು. ಸ್ನೇಹಲ್ ಗಾಜು ಇಳಿಸಿ ಮರಾಠಿಯಲ್ಲಿ ಕೇಳಿದಳು: “ದಾದಾ, ಕಾಮಶೇತದ ಇಳಿಜಾರಿನಲ್ಲಿ ಜಾರೋದಿಲ್ಲ ಅಲ್ವಾ? ನನಗೆ ಮಳೆ ಅಂದ್ರೆ ಭಯ.”

ಮಾರ್ತಾಂಡ ಉತ್ತರಿಸುವ ಮೊದಲೇ ಶೈಲಾ ಅಂದಳು: “ನಮ್ಮ ಹುಡುಗ ಹಾಕಿದ್ದು. ನಿಶ್ಚಿಂತೆಯಾಗಿ ಕೂತ್ಕೋ.”

ಆರು ವರ್ಷ ಗೋದಾಮಿನಲ್ಲಿ ಒಣಗಿದ ರಬ್ಬರು ಒಣ ರಸ್ತೆಯಲ್ಲಿ ಏನೂ ಹೇಳುವುದಿಲ್ಲ, ಸುಮ್ಮನಿರುತ್ತದೆ. ಅದು ಬಾಯಿ ಬಿಡುವುದು ಮಳೆಯಲ್ಲಿ, ಇಳಿಜಾರಿನಲ್ಲಿ, ಮುಂದಿನ ಲಾರಿ ಒಮ್ಮೆಲೇ ಬ್ರೇಕು ಹಾಕಿದಾಗ. ಇದು ಅವನಿಗೆ ಗೊತ್ತಿತ್ತು. ಆ ದಿನ ಮಧ್ಯಾಹ್ನ ಅವನು ಊಟದ ಡಬ್ಬಿ ತೆರೆಯಲಿಲ್ಲ. ಮೂರು ಗಂಟೆಗೆ ಶೈಲಾಳ ಕಾರು ಎದುರಿನ ರಸ್ತೆಯಲ್ಲಿ ಹಿಂತಿರುಗಿ ಹೋದದ್ದು ಕಂಡ ಮೇಲೆಯೇ ಅವನ ಉಸಿರು ಇಳಿದದ್ದು. ಇವತ್ತು ಬಂದಳು. ಸೋಮವಾರದಿಂದ ದಿನವೂ ಅದೇ ಇಳಿಜಾರು.

“ಕಾಕಾ, ಆಕೀದು ನಾಕೂ ಬದಲಿ ಮಾಡಿ ಕೊಡೂಣು,” ಎಂದ ಹೊಳಬಸಪ್ಪನವರ ಎದುರು ನಿಂತು.

“ಹುಚ್ಚೇನೋ ಮಾರ್ತಾಂಡ್ಯಾ? ಏನಂತ ಹೇಳಿ ಬದಲಿ ಮಾಡ್ತಿ? ಒಬ್ಬಾಕೀಗಿ ಗೊತ್ತಾದ್ರ ಇಡೀ ಚಿಂಚವಾಡಕ್ಕ ಗೊತ್ತಾಗ್ತದ.”

“ಆಕೀ ನಮ್ಮಾಕಿ. ನಮ್ಮ ಮಂದಿಗಿ ಮೋಸ ಇಲ್ಲ ಅಂತ ಎದಿ ತಟ್ಟಿ ಹೇಳಿದ್ರಲ್ಲ!”

“ಹಾಕಿದ್ದು ನಾನೇನೋ?” ಹೊಳಬಸಪ್ಪನವರು ದನಿ ಏರಿಸಲಿಲ್ಲ. “ನಾ ಬ್ಯಾಂಕಿನ್ಯಾಗ ಇದ್ದೆ. ನಾ ಹೇಳಿದ್ನೇನು ಇಂದಾಪುರದ್ದು ತಗಿ ಅಂತ? ನಿನ್ನ ಸಿಟ್ಟಿನ ಕೈ ಅದು. ಅದಕ್ಕ ನಾ ಹೊಣಿಯೇನು?”

ಮಾರ್ತಾಂಡನಿಗೆ ಗಲ್ಲಾ ಒದ್ದು ಉರುಳಿಸಬೇಕೆನಿಸಿತು. ಮುದುಕನ ಕಾಲರು ಹಿಡಿಯಬೇಕೆನಿಸಿತು. ಆದರೆ ಮುದುಕ ಹೇಳಿದ್ದರಲ್ಲಿ ಅವನು ಹಿಡಿಯಬಹುದಾದ ಸುಳ್ಳು ಒಂದೂ ಇರಲಿಲ್ಲ. ಪದ್ಧತಿ ಮಾಲಕನದು, ಸರಿ. ಆ ದಿನದ ಕೈ ತನ್ನದು.

“ಹೊಸಾ ಸಾಲಿನ್ಯಾಗಿನ ನಾಕು ತಗೋತೀನಿ. ನನ್ನ ಪಗಾರದಾಗ ಹಿಡೀರಿ.”

ಹೊಳಬಸಪ್ಪನವರು ಗಲ್ಲಾದಿಂದ ಲೆಕ್ಕದ ಪುಸ್ತಕ ಎತ್ತಿಕೊಂಡರು. “ಖರೀದಿ ಬೆಲಿಗಿ ಕೊಡ್ತೀನಿ,” ಎಂದರು ಕೊನೆಗೆ. “ಆಕೀಗಿ ಏನೂ ಹೇಳಬ್ಯಾಡ. ಸುಮ್ನ ಬದಲಿ ಮಾಡಿ ಕಳಿಸು.”

ಅದೇ ಅವನ ಯೋಚನೆಯೂ ಆಗಿತ್ತು. ಒಳಗಿಂದೊಳಗೆ ತೊಳೆದುಬಿಡುವುದು. ಗಾಳಿ ಒಳಗಿನಿಂದ ಸೋರುತ್ತದೆ, ಬ್ಯಾಲೆನ್ಸಿಂಗ್ ತಪ್ಪಿದೆ, ಹೀಗೆ ಏನಾದರೂ ಹೇಳಿ ಗಾಲಿ ಬಿಚ್ಚಿ, ಅದೇ ಕಂಪನಿಯ ಅದೇ ಗೀರಿನ ಹೊಸ ಟಾಯರು ಹಾಕಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಆಕೆಯ ಬಾಯಲ್ಲಿ ‘ನಮ್ಮ ಹುಡುಗ’ ಆಗಿಯೇ ಉಳಿಯಬಹುದು. ಹೋಳಿಗೆಯೂ ಬರಬಹುದು.

ಶನಿವಾರ ಮಧ್ಯಾಹ್ನ ಶೈಲಾ ಬಂದಳು. ಮಳೆ ಹಿಡಿದುಕೊಂಡಿತ್ತು. “ಏನೋ ಅದು, ಇಷ್ಟ್ಯಾಕ ಅವಸರ ಮಾಡಿ ಕರದಿ?”

“ಬ್ಯಾಲೆನ್ಸಿಂಗ್ ಒಮ್ಮಿ ನೋಡೂಣು ಅಂತ ಅಕ್ಕಾ. ಮಳಿಗಾಲ.”

“ನೋಡು, ನಮ್ಮವ್ರು ಅಂದ್ರ ಹಿಂಗ.” ಆಕೆ ಬೆಂಚಿನ ಮೇಲೆ ಕೂತಳು. ಈ ಸಲ ಮೊಬೈಲು ತೆಗೆಯಲಿಲ್ಲ, ಅವನ ಕಡೆ ನೋಡಲೂ ಇಲ್ಲ. ನೋಟುಬುಕ್ಕು ತೊಡೆಯ ಮೇಲೆ ಮುಚ್ಚಿಯೇ ಇತ್ತು. ಜಾಕು ಕೊಡುವಾಗ ಬೇರೆ ಕಡೆ ತಿರುಗಿ ಮಳೆ ನೋಡುತ್ತಿದ್ದಳು. ಮೊದಲ ಸಲ ಆಕೆ ಕಣ್ಣಿಟ್ಟು ಕಾಯುತ್ತಿದ್ದದ್ದು ಅವನಿಗೆ ಅವಮಾನವಾಗಿತ್ತು. ಇವತ್ತು ಕಾಯದೆ ಇರುವುದು ಅದಕ್ಕಿಂತ ಹೆಚ್ಚಾಗಿ ಸುಟ್ಟಿತು.

ಮೊದಲ ಗಾಲಿಯ ಟಾಯರು ರಿಮ್ಮಿನಿಂದ ಕಳಚಿ ನೆಲದ ಮೇಲೆ ಬಿತ್ತು. ಒಳಮಗ್ಗುಲು ಮೇಲೆ. ೧೮೧೯ ಅವನನ್ನೇ ನೋಡುತ್ತಿತ್ತು. ಕಾಲಿನಿಂದ ಒತ್ತಿ ಗೋದಾಮಿನ ಕಡೆ ಉರುಳಿಸಿದರೆ ಮುಗಿಯಿತು. ಗಲ್ಲಾದ ಹಿಂದಿನಿಂದ ಹೊಳಬಸಪ್ಪನವರು ಕಣ್ಣಿನಲ್ಲೇ ಉರುಳಿಸು ಅಂದರು.

ಮಾರ್ತಾಂಡ ಉರುಳಿಸಿದ. ಬೆಂಚಿನ ಕಡೆಗೆ. ಟಾಯರು ಶೈಲಾಳ ಬೂಟಿಗೆ ತಾಗಿ ನಿಂತಿತು.

“ಓದ್ರಿ ಅಕ್ಕಾ.”

“ಏನ್ ಓದಲಿ?”

“ಆ ನಾಕು ಅಂಕಿ.” ಅವನ ದನಿ ಒಡೆದಿತ್ತು, ಸಿಟ್ಟಿಗೋ ಮತ್ತೊಂದಕ್ಕೋ. “ಹದಿನೆಂಟನೇ ವಾರ. ಹತ್ತೊಂಬತ್ತನೇ ಇಸ್ವಿ. ಈ ಟಾಯರಿನ ವಯಸ್ಸು ಆರು. ನಾಕೂ ಹಂಗ ಅದಾವ. ನಿಮಗ ತೋರ್ಸಿದ್ದು ಹೊಸಾದು, ಹಾಕಿದ್ದು ಇವು. ತಾರೀಖು ಕಾಣಬಾರ್ದು ಅಂತ ಒಳಮುಖ ಮಾಡಿ ಹಾಕೀನಿ. ಬೇಕಂತ ಹಾಕೀನಿ. ನೀವು ಎಷ್ಟನೇತ್ತೆ ಅಂತ ಕೇಳಿದ್ರಿ, ಸಿಟ್ಟು ಬಂತು. ನೀವು ನಮ್ಮವ್ರು ಅಂತ ಗೊತ್ತಿರಲಿಲ್ಲ.”

ಶೈಲಾ ಬಗ್ಗಿ ಆ ಅಂಕಿಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಮೊಬೈಲು ತೆಗೆದು ಏನೋ ಹುಡುಕಿದಳು. ಮೊದಲ ದಿನದ ವಿಡಿಯೋ. ಅವನತ್ತ ಹಿಡಿದಳು. ಜಾಕು, ರಬ್ಬರಿನ ಬಿಲ್ಲೆ, ಅವನ ಕರಿ ಹಿಡಿದ ಕೈಗಳು. ಕೈಗಳು ಟಾಯರು ಎತ್ತಿದವು, ಒಂದು ಗಳಿಗೆ ತಡೆದವು, ರೊಟ್ಟಿ ಮಗುಚಿ ಹಾಕಿದಂತೆ ತಿರುವಿದವು. ಅಷ್ಟೇ. ಒಂದು ಸೆಕೆಂಡಿನ ಕೆಲಸ. ಆಕೆ ಹಿಂದಕ್ಕೆ ಎಳೆದು ಮತ್ತೆ ತೋರಿಸಿದಳು. ಮತ್ತೆ ತಿರುವಿದವು.

“ನನ್ನ ಕಡೇನ ಇತ್ತು,” ಎಂದಳು ಮೆಲ್ಲಗೆ. “ನಾ ಬ್ಯಾಟರಿ ನೋಡಾಕತ್ತಿದ್ದೆ.”

“ಹೊಸಾವು ತಂದಿಟ್ಟೀನಿ ಅಕ್ಕಾ. ಈಗ ಹಾಕ್ತೀನಿ. ಒಂದು ಪೈ ಬ್ಯಾಡ. ನಮ್ಮವ್ರು ಅಂತ ಗೊತ್ತಿದ್ರ ನಾ ಸತ್ತರೂ...”

“ತಡಿ.” ಆಕೆ ಕೈ ಎತ್ತಿದಳು. “ಸ್ನೇಹಲ್ ಟೀಚರ್ ಮುಂದಿನ ಸೀಟಿನ್ಯಾಗ ಕೂಡ್ತಾಳ. ಹಿಂದ ಮೂವರು. ಒಬ್ಬಾಕೀಗೂ ಕನ್ನಡ ಬರಂಗಿಲ್ಲ. ಅವ್ರ ಟಾಯರಿನ ತಾರೀಖು ಯಾವ ಕಡೆ ಇರಬೇಕಿತ್ತಪಾ? ಒಳಗೋ, ಹೊರಗೋ?”

ಒಂಬತ್ತನೇತ್ತೆಯ ವರ್ಗದಲ್ಲಿ ಮಾಸ್ತರರು ಕೇಳಿದ ಯಾವ ಪ್ರಶ್ನೆಗೂ ಮಾರ್ತಾಂಡ ಹೀಗೆ ನಿಂತಿರಲಿಲ್ಲ; ಅಲ್ಲಿ ಉತ್ತರ ಗೊತ್ತಿಲ್ಲದೆ ನಿಲ್ಲುತ್ತಿದ್ದ, ಇಲ್ಲಿ ಗೊತ್ತಿದ್ದು ನಿಂತಿದ್ದ. ಗಲ್ಲಾದ ಹಿಂದೆ ಹೊಳಬಸಪ್ಪನವರು ಎದ್ದು ಒಳಗೆ ಹೋದರು.

“ಹಾಕು,” ಎಂದಳು ಶೈಲಾ.

ಅವನು ನಾಲ್ಕನ್ನೂ ಹಾಕಿದ. ಆಕೆ ಬೆಂಚಿನಿಂದ ಎದ್ದು ಬಂದು, ಮಳೆಯ ಹನಿ ಬೀಳುವಲ್ಲಿ ನಿಂತು, ಒಂದೊಂದರ ತಾರೀಖನ್ನೂ ತಾನೇ ಓದಿ ನೋಟುಬುಕ್ಕಿನಲ್ಲಿ ಬರೆದುಕೊಂಡಳು. ನಟ್ಟುಗಳನ್ನು ಬಿಗಿದು, ಗಾಳಿ ಹಿಡಿದು, ಅವನು ಎದ್ದು ನಿಂತಾಗ ಆಕೆ ಪರ್ಸು ತೆರೆದಿದ್ದಳು.

“ಕಿತಿ ದ್ಯಾಯ್ಚೇ?” ಎಂದಳು. ಎಷ್ಟು ಕೊಡಬೇಕು ಅಂತ. ಮರಾಠಿಯಲ್ಲಿ.

“ಏನೂ ಬ್ಯಾಡ್ರಿ ಅಕ್ಕಾ.”

ಆಕೆಗೆ ಕೇಳಿಸಲೇ ಇಲ್ಲವೆಂಬಂತೆ ಗೋಡೆಯ ಮೇಲಿನ ದರದ ಹಲಗೆ ನೋಡಿ, ನಾಲ್ಕು ಗಾಲಿಯ ಬ್ಯಾಲೆನ್ಸಿಂಗಿನ ದುಡ್ಡು ಎಣಿಸಿ ಬೆಂಚಿನ ಮೇಲಿಟ್ಟಳು. “ಪಾವತೀ ದ್ಯಾ, ದಾದಾ. ತಾರೀಖ್ ಟಾಕೂನ್.” ರಸೀದಿ ಕೊಡು, ತಾರೀಖು ಹಾಕಿ ಕೊಡು.

ದಾದಾ. ಈ ಊರಿನಲ್ಲಿ ಯಾರು ಯಾರಿಗೆ ಬೇಕಾದರೂ ಅನ್ನುವ ಮಾತು. ರಿಕ್ಷಾದವನಿಗೆ, ಹಾಲಿನವನಿಗೆ, ಹೆಸರು ಗೊತ್ತಿಲ್ಲದ ಎಲ್ಲರಿಗೆ. ಅವನು ರಸೀದಿ ಬರೆದ. ಕರಿ ಬೆರಳಿನ ಗುರುತು ಹಾಳೆಯ ಮೂಲೆಗೆ ಹತ್ತಿತು. ತಾರೀಖನ್ನು ದೊಡ್ಡದಾಗಿ ಬರೆದ. ಆಕೆ ಅದನ್ನು ಎರಡು ಸಲ ಓದಿ, ಮಡಚಿ ನೋಟುಬುಕ್ಕಿನಲ್ಲಿಟ್ಟುಕೊಂಡು ಹೋದಳು. ಕಾರು ಸದ್ದಿಲ್ಲದೆ ಹೋಯಿತು.

ಮಾರ್ತಾಂಡ ಕಳಚಿದ ನಾಲ್ಕು ಟಾಯರುಗಳನ್ನು ಸಾಲಾಗಿ ಮಲಗಿಸಿ, ಚೂರಿ ತೆಗೆದು ಒಂದೊಂದರ ಮಗ್ಗುಲನ್ನು ಕೊಯ್ದ, ಮತ್ತೆ ಯಾವ ಗಾಡಿಗೂ ಏರದಂತೆ. ಗೋದಾಮಿಗೆ ಹೋಗಿ ಇಂದಾಪುರದ ಸಾಲನ್ನು ಎಣಿಸಿದ. ನಲವತ್ತು ಬಂದಿದ್ದವು. ಹದಿನೆಂಟು ಅಲ್ಲಿದ್ದವು. ನಾಲ್ಕು ಇಲ್ಲಿ ಕೊಯ್ದವು. ಉಳಿದ ಹದಿನೆಂಟು ಹೊರಗೆ ಓಡುತ್ತಿದ್ದವು, ಅವನ ಕೈಯಿಂದಲೇ ಹಾಕಿಸಿಕೊಂಡು.

ಅವನು ಗಲ್ಲಾದ ಮೇಲಿನ ಫೋನ್ ನಂಬರುಗಳ ಪುಸ್ತಕ ತೆರೆದ. ಶೈಲಾ, ಸಿಂದಗಿ. ಅದರ ಮೇಲೆ ಯಾರೋ ಬಾಗಲಕೋಟೆಯವರು. ಜಮಖಂಡಿಯವರು. ಬೈಲಹೊಂಗಲದವರು. ಪುಟ ತಿರುವಿದ, ಮತ್ತೆ ತಿರುವಿದ. ಎಲ್ಲ ನಮ್ಮ ಮಂದಿ. ಬೇರೆಯವರ ನಂಬರು ಬರೆದಿಡುವ ಪದ್ಧತಿ ಅಂಗಡಿಯಲ್ಲಿ ಇರಲಿಲ್ಲ.

ಹೊರಗೆ ಮಳೆ ಜೋರಾಗಿತ್ತು. ಲೋಣಾವಳಾದ ಕಡೆ ಹೋಗುವ ಕಾರುಗಳು ನೀರು ಚಿಮ್ಮಿಸುತ್ತ ಒಂದರ ಹಿಂದೊಂದು ಸಾಗುತ್ತಿದ್ದವು. ಮಾರ್ತಾಂಡ ತೊಯ್ಯುತ್ತ ರಸ್ತೆಯ ಅಂಚಿಗೆ ಹೋಗಿ ನಿಂತು, ಹಾದುಹೋಗುವ ಪ್ರತಿಯೊಂದು ಗಾಲಿಯನ್ನೂ ಬಗ್ಗಿ ನೋಡಿದ. ಹೊರಗಿನಿಂದ ಎಲ್ಲವೂ ಒಂದೇ ಥರ ಕಾಣುತ್ತಿದ್ದವು.